ಹಲ್ಲು ಕಿತ್ತ ಮಾತ್ರಕ್ಕೆ ರೋಗ ಹೋಗದು

ಮಗುವಿನ ಹಲ್ಲು ಅಲ್ಲಾಡಿದರೆ ನಮ್ಮಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಆರೇಳು ವರ್ಷದ ಮಗುವಿಗೆ ಅದು ಸಹಜವೂ ಹೌದು. ಆದರೆ ಎರಡು ಮೂರು ವರ್ಷದ ಕೂಸಿನ ದವಡೆಹಲ್ಲು ಸಡಿಲಾಗುವುದು, ವಸಡು ಊದಿ ರಕ್ತ ಒಸರುವುದು, ಬಾಯಿಹುಣ್ಣು ವಾರಗಟ್ಟಲೆ ಮಾಯದಿರುವುದು ಸಹಜವಲ್ಲ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಅಪರೂಪದ್ದೊಂದು, ಲ್ಯಾಂಗರ್‌ಹಾನ್ಸ್ ಕೋಶದ ಹಿಸ್ಟಿಯೊಸೈಟೋಸಿಸ್ ಎಂಬ ರೋಗ.

1868ರಲ್ಲಿ ಬರ್ಲಿನ್ನಿನ ವೈದ್ಯ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ಚರ್ಮದಲ್ಲಿ ಒಂದು ಬಗೆಯ ಜೀವಕೋಶವನ್ನು ಗುರುತಿಸಿದನು. ಅದನ್ನು ಹೋಲುವ ಕೋಶಗಳು ಮಿತಿಮೀರಿ ಬೆಳೆದು ಮೂಳೆಯನ್ನು ತಿನ್ನುವುದೇ ಈ ರೋಗ. ಹತ್ತು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಸುಮಾರು 4-5 ಮಕ್ಕಳಿಗೆ ಬರುತ್ತದೆ, ದೊಡ್ಡವರಿಗೂ ಬರುವುದುಂಟು. ಇದು ಅಂಟುರೋಗವಲ್ಲ, ತಾಯಿಯ ತಪ್ಪಂತೂ ಅಲ್ಲವೇ ಅಲ್ಲ.

ನೋಡುವುದಕ್ಕೆ ಇದು ಸಾಧಾರಣ ವಸಡಿನ ರೋಗದಂತೆಯೇ ಇರುತ್ತದೆ. ಆದುದರಿಂದ ಹಲ್ಲು ಕೀಳುತ್ತಾರೆ, ಗಾಯ ಮಾಯುವುದಿಲ್ಲ, ಪಕ್ಕದ ಹಲ್ಲೂ ಸಡಿಲಾಗುತ್ತದೆ. ಎಕ್ಸ್-ರೇ ತೆಗೆದರೆ ಗುಟ್ಟು ರಟ್ಟಾಗುತ್ತದೆ: ಬೇರಿನ ಸುತ್ತ ಮೂಳೆ ಕರಗಿ, ಹಲ್ಲು ಗಾಳಿಯಲ್ಲಿ ನಿಂತಂತೆ ಕಾಣುತ್ತದೆ. ಜೊತೆಗೆ ನೆತ್ತಿಯಲ್ಲಿ ಹೊಪ್ಪಳೆ, ನಿಲ್ಲದ ಕಿವಿ ಸೋರಿಕೆ, ಅತಿಯಾದ ದಾಹ ಮತ್ತು ಮೂತ್ರ ಇರಬಹುದು. ಒಂದೊಂದಕ್ಕೆ ಒಬ್ಬೊಬ್ಬ ವೈದ್ಯರನ್ನು ಕಂಡರೆ ಇವನ್ನೆಲ್ಲ ಕೂಡಿಸಿ ನೋಡುವವರು ಯಾರು?

ರೋಗ ಖಚಿತವಾಗುವುದು ಬಯಾಪ್ಸಿಯಿಂದ. ಕೆಟ್ಟ ಭಾಗದ ಚೂರನ್ನು ತೆಗೆದು ಪ್ರಯೋಗಾಲಯದಲ್ಲಿ ಸಿಡಿ1ಎ, ಲ್ಯಾಂಗೆರಿನ್ ಎಂಬ ಗುರುತುಗಳಿಗಾಗಿ ಪರೀಕ್ಷಿಸುತ್ತಾರೆ. ಬಳಿಕ ಉಳಿದ ಮೂಳೆಗಳು, ಯಕೃತ್ತು, ರಕ್ತ ಇವುಗಳ ಪರೀಕ್ಷೆಯಾಗಬೇಕು. ರೋಗ ಒಂದೇ ಮೂಳೆಯಲ್ಲಿದ್ದರೆ ಕೆರೆದು ತೆಗೆಯುವುದೇ ಎಷ್ಟೋ ವೇಳೆ ಸಾಕು. ಹರಡಿದ್ದರೆ ವಿನ್‌ಬ್ಲಾಸ್ಟಿನ್ ಮತ್ತು ಪ್ರೆಡ್ನಿಸೋಲೋನ್ ಕೊಡುತ್ತಾರೆ. ವಿನ್‌ಬ್ಲಾಸ್ಟಿನ್ ಮೊದಲು ದೊರೆತದ್ದು ನಮ್ಮ ಹಿತ್ತಿಲಿನ ನಿತ್ಯಪುಷ್ಪದ ಗಿಡದಿಂದ! ಯಕೃತ್ತು, ಗುಲ್ಮ, ಮೂಳೆಯ ಮಜ್ಜೆಗೆ ತಗಲಿದರೆ ಮಾತ್ರ ಪ್ರಾಣಕ್ಕೆ ಅಪಾಯ ಹೆಚ್ಚು.

ಮದ್ದಿದೆ, ಪರೀಕ್ಷೆಯಿದೆ. ಅದು ಬಡವನ ಮಗುವಿಗೆ ಸಕಾಲದಲ್ಲಿ ಸಿಗುವುದೇ ಎಂಬುದೇ ಪ್ರಶ್ನೆ. ವಿಮೆಗೆ ಸೇರಿದ ಗಿರಣಿ ಕಾರ್ಮಿಕನಿಗೂ ಅವನ ಸಂಸಾರಕ್ಕೂ ರಾಜ್ಯವಿಮಾ ಕಾನೂನಿನ ಆಸರೆಯುಂಟು. ಮೂಲೆಯಲ್ಲಿ ಕಿರಾಣಿ ಅಂಗಡಿ ಇಟ್ಟವನಿಗೆ ಆ ಕಾನೂನಿಲ್ಲ. ಇಬ್ಬರೂ ದೊಡ್ಡ ಊರಿಗೆ ಅಲೆದರೆ ಒಬ್ಬನಿಗೆ ಕೂಲಿ ಖೋತಾ, ಇನ್ನೊಬ್ಬನಿಗೆ ಅಂಗಡಿಯ ಬಾಗಿಲು ಬಂದ್.

“ಬೆರಳೆಣಿಕೆಯ ಮಕ್ಕಳಿಗಾಗಿ ಇಷ್ಟು ವೆಚ್ಚವೇ?” ಎಂದು ಕೇಳುವವರಿದ್ದಾರೆ. ಅವರಿಗೆ ನಮ್ಮ ಉತ್ತರವಿಷ್ಟೆ. ಅದೇ ಎಕ್ಸ್-ರೇ ದವಡೆಯ ಗಂಟಿಗೂ ಬೇಕು, ಅದೇ ಬಯಾಪ್ಸಿ ಹೊಗೆಸೊಪ್ಪು ಜಗಿಯುವವರ ಬಾಯಿಯ ಕ್ಯಾನ್ಸರಿಗೂ ಬೇಕು. ಅಪರೂಪದ ರೋಗವನ್ನು ಹಿಡಿಯಬಲ್ಲ ಆಸ್ಪತ್ರೆಯು ಸಾಮಾನ್ಯ ರೋಗವನ್ನು ಕೈಬಿಡದು. ಆದುದರಿಂದ ಪ್ರತಿಯೊಂದು ಜಿಲ್ಲಾ ಆಸ್ಪತ್ರೆಯಲ್ಲೂ ಹಲ್ಲಿನ ಎಕ್ಸ್-ರೇ ಮತ್ತು ಬಯಾಪ್ಸಿ ಪರೀಕ್ಷೆ ಪುಕ್ಕಟೆಯಾಗಿ ಸಿಗಬೇಕು. ಇದು ಭಿಕ್ಷೆಯಲ್ಲ, ಹಕ್ಕು.

ಅಲ್ಲಿಯವರೆಗೆ ತಂದೆತಾಯಂದಿರು ಸುಮ್ಮನಿರಬಾರದು. ಕಾರಣ ತಿಳಿಯದೆ ಸಡಿಲಾದ ಹಲ್ಲನ್ನು ಎಕ್ಸ್-ರೇ ಇಲ್ಲದೆ ಕೀಳಿಸಬೇಡಿರಿ. ತೆಗೆದ ಮಾಂಸವನ್ನು ಪರೀಕ್ಷೆಗೆ ಕಳಿಸಿದಿರಾ ಎಂದು ಕೇಳಿರಿ. ಅಂಗಡಿಯ ಖಾತೆಯನ್ನು ಜೋಪಾನ ಮಾಡುವಂತೆ ಮಗುವಿನ ಚೀಟಿಗಳನ್ನೆಲ್ಲ ಒಂದೆಡೆ ಇಡಿರಿ. ಕೇಳುವುದರಿಂದ ಒಳ್ಳೆಯ ವೈದ್ಯರಿಗೆ ಅವಮಾನವಾಗದು. ಕೇಳದಿದ್ದರೆ ಮಗುವಿಗೆ ನಷ್ಟವಾದೀತು.