ದತ್ತಾಂಶ ವಿಜ್ಞಾನಿಯ ಸಂದರ್ಶನ: ಅಳೆಯುವವರನ್ನು ಅಳೆಯುವ ಬಗೆ ಹೇಗೆ?

ದೊಡ್ಡ ತಂತ್ರಜ್ಞಾನ ಕಂಪನಿಯೊಂದರಲ್ಲಿ ದತ್ತಾಂಶ ವಿಜ್ಞಾನಿ ಅಥವಾ ಡೇಟಾ ಸೈಂಟಿಸ್ಟ್ ಹುದ್ದೆಗೆ ಅರ್ಜಿ ಸಲ್ಲಿಸಿದವರಿಗೆ ಒಂದೇ ಸಂದರ್ಶನದಲ್ಲಿ ಬಿಡುಗಡೆ ಇಲ್ಲ. ಮೊದಲು ನೇಮಕಾತಿ ವಿಭಾಗದವರ ದೂರವಾಣಿ ಮಾತುಕತೆ, ಬಳಿಕ ಎಸ್‌ಕ್ಯೂಎಲ್ ಮತ್ತು ಸಂಖ್ಯಾಶಾಸ್ತ್ರದ ಪ್ರಾಥಮಿಕ ಪರೀಕ್ಷೆ, ಅದನ್ನು ದಾಟಿದರೆ ಸಾಮಾನ್ಯವಾಗಿ ನಾಲ್ಕೈದು ಸುತ್ತುಗಳ ಸಂದರ್ಶನ. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ವಾರಗಳೇ ಉರುಳಿರುತ್ತವೆ. ತಿರಸ್ಕೃತರಾದವರಿಗೆ ಬಹುತೇಕ ಸಂದರ್ಭಗಳಲ್ಲಿ ಸಿಗುವುದು ಎರಡು ಸಾಲಿನ ಇ-ಮೇಲ್ ಮಾತ್ರ. ಎಡವಿದ್ದೆಲ್ಲಿ ಎಂಬುದು ತಿಳಿಯುವುದೇ ಇಲ್ಲ. ಹೀಗಿರುವಾಗ ಈ ಜರಡಿ ಎಷ್ಟರಮಟ್ಟಿಗೆ ನಂಬಲರ್ಹ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಹುದ್ದೆಯ ಹೆಸರು ಹಳೆಯದೇನಲ್ಲ. 2008ರ ಸುಮಾರಿಗೆ ಲಿಂಕ್ಡ್‌ಇನ್‌ನಲ್ಲಿದ್ದ ಡಿ.ಜೆ. ಪಾಟೀಲ್ ಮತ್ತು ಫೇಸ್‌ಬುಕ್‌ನಲ್ಲಿದ್ದ ಜೆಫ್ ಹ್ಯಾಮರ್‌ಬ್ಯಾಕರ್ ಇದನ್ನು ಬಳಕೆಗೆ ತಂದರು. 2012ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ನಿಯತಕಾಲಿಕ ಇದನ್ನು 21ನೇ ಶತಮಾನದ ಅತ್ಯಾಕರ್ಷಕ ವೃತ್ತಿ ಎಂದು ಬಣ್ಣಿಸಿತು. 2015ರಲ್ಲಿ ಅಮೆರಿಕ ಸರ್ಕಾರವು ಪಾಟೀಲ್ ಅವರನ್ನೇ ತನ್ನ ಮೊದಲ ಮುಖ್ಯ ದತ್ತಾಂಶ ವಿಜ್ಞಾನಿಯಾಗಿ ನೇಮಿಸಿಕೊಂಡಿತು. ವೃತ್ತಿಯ ವರ್ಚಸ್ಸು ಏರಿದಂತೆ ಸಂದರ್ಶನವೂ ಬಿಗಿಯಾಯಿತು.

ಕೇಳುವುದೇನು?

ಪ್ರಶ್ನೆಗಳು ಮುಖ್ಯವಾಗಿ ನಾಲ್ಕು ಬಗೆಯವು. ಕೋಷ್ಟಕಗಳಿಂದ ಬೇಕಾದ ಮಾಹಿತಿ ಹೆಕ್ಕುವ ಎಸ್‌ಕ್ಯೂಎಲ್, ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ, ಪ್ರಯೋಗಗಳ ವಿನ್ಯಾಸ, ಕೊನೆಯದಾಗಿ ವ್ಯವಹಾರ ವಿವೇಚನೆ. ‘ಆ್ಯಪ್‌ನ ಬಳಕೆ ಏಕಾಏಕಿ ಶೇ 10ರಷ್ಟು ಕುಸಿದಿದೆ, ಕಾರಣ ಹೇಗೆ ಹುಡುಕುವಿರಿ?’ ಎಂಬಂಥ ಪ್ರಶ್ನೆ ಕೊನೆಯ ಬಗೆಗೆ ಸೇರಿದ್ದು. ಮಾಹಿತಿ ದಾಖಲಾಗುವ ವ್ಯವಸ್ಥೆಯೇ ಕೆಟ್ಟಿದೆಯೇ, ಹಬ್ಬದ ರಜೆಯ ಪರಿಣಾಮವೇ, ಒಂದೇ ಪ್ರದೇಶದ ಸಮಸ್ಯೆಯೇ ಎಂದು ಅಭ್ಯರ್ಥಿ ಕ್ರಮವಾಗಿ ಬಿಡಿಸುತ್ತಾ ಹೋಗಬೇಕು.

ಪ್ರಯೋಗ ವಿನ್ಯಾಸದ ಪ್ರಶ್ನೆಗಳು ಇನ್ನೂ ಸೂಕ್ಷ್ಮ. ಬಳಕೆದಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಳೆಯ ಪುಟವನ್ನೂ ಇನ್ನೊಂದಕ್ಕೆ ಹೊಸ ಪುಟವನ್ನೂ ತೋರಿಸಿ ಹೋಲಿಸುವುದು ಎ/ಬಿ ಪರೀಕ್ಷೆ. ಶೇ 5ರ ತಪ್ಪಿಗೆ ಅವಕಾಶ ಕೊಟ್ಟು, ಒಂದಕ್ಕೊಂದು ಸಂಬಂಧವಿಲ್ಲದ 20 ಮಾನದಂಡಗಳನ್ನು ಏಕಕಾಲಕ್ಕೆ ನೋಡಿದರೆ, ಹೊಸ ಪುಟದಿಂದ ಯಾವ ಪರಿಣಾಮ ಇಲ್ಲದಿದ್ದರೂ ಕನಿಷ್ಠ ಒಂದರಲ್ಲಿ ‘ಸುಧಾರಣೆ’ ಇಲ್ಲವೇ ‘ಕುಸಿತ’ ಕಾಣುವ ಸಾಧ್ಯತೆ ಸುಮಾರು ಶೇ 64. ಇದನ್ನು ಗುರುತಿಸದವರ ಕೈಗೆ ಕಂಪನಿಯ ನಿರ್ಧಾರ ಒಪ್ಪಿಸುವುದು ಅಪಾಯವೇ ಸರಿ. ಆದ್ದರಿಂದ ಈ ಪ್ರಶ್ನೆಗಳಲ್ಲಿ ಅರ್ಥವಿದೆ.

ಜರಡಿಯ ಲೆಕ್ಕ

ಅಭ್ಯರ್ಥಿಗಳಿಗೆ ಪದೇ ಪದೇ ಎದುರಾಗುವ ಮತ್ತೊಂದು ಪ್ರಶ್ನೆ ರೋಗಪರೀಕ್ಷೆಯದು. ರೋಗ ಅಪರೂಪವಾಗಿದ್ದರೆ, ಪರೀಕ್ಷೆ ಎಷ್ಟೇ ನಿಖರವಾಗಿದ್ದರೂ ‘ರೋಗವಿದೆ’ ಎಂಬ ಫಲಿತಾಂಶಗಳಲ್ಲಿ ಬಹಳಷ್ಟು ಸುಳ್ಳಾಗಿರುತ್ತವೆ ಎಂಬುದು ಉತ್ತರದ ತಿರುಳು. ಇದೇ ಲೆಕ್ಕವನ್ನು ಸಂದರ್ಶನಕ್ಕೆ ಅನ್ವಯಿಸಿ ನೋಡಬಹುದು. ಉದಾಹರಣೆಗೆ, 1,000 ಅಭ್ಯರ್ಥಿಗಳಲ್ಲಿ 100 ಮಂದಿ ಅರ್ಹರು, ಪ್ರತಿ ಸುತ್ತಿನ ತೀರ್ಪು ಶೇ 90ರಷ್ಟು ಸರಿ ಎಂದು ಭಾವಿಸೋಣ. ಒಂದೇ ಸುತ್ತು ನಡೆಸಿದರೆ 90 ಅರ್ಹರ ಜತೆಗೆ 90 ಅನರ್ಹರೂ ಒಳಗೆ ಬರುತ್ತಾರೆ. ಅದನ್ನು ತಪ್ಪಿಸಲೆಂದೇ ಸುತ್ತುಗಳ ಸಂಖ್ಯೆ ಹೆಚ್ಚುತ್ತದೆ. ಐದು ಸ್ವತಂತ್ರ ಸುತ್ತುಗಳನ್ನೂ ಗೆಲ್ಲಲೇಬೇಕು ಎಂದಾದರೆ ಅನರ್ಹರು ಬಹುತೇಕ ಯಾರೂ ಉಳಿಯುವುದಿಲ್ಲ. ಆದರೆ 100 ಅರ್ಹರಲ್ಲಿ ಉಳಿಯುವವರು 59 ಮಾತ್ರ. ಉಳಿದ 41 ಮಂದಿಯ ತಪ್ಪೇನೂ ಇಲ್ಲ.

ವಾಸ್ತವದಲ್ಲಿ ಒಂದು ಸುತ್ತಿನ ಸೋಲನ್ನು ಇನ್ನೊಂದರ ಗೆಲುವು ಸರಿದೂಗಿಸುವುದುಂಟು. ಲೆಕ್ಕ ಇಷ್ಟು ಕಟ್ಟುನಿಟ್ಟಾಗಿರುವುದಿಲ್ಲ. ಆದರೂ ದಿಕ್ಕು ಸ್ಪಷ್ಟ. ತಪ್ಪು ನೇಮಕದ ಹೊರೆ ಕಂಪನಿಯ ಮೇಲೆ ಬೀಳುತ್ತದೆ, ತಪ್ಪು ತಿರಸ್ಕಾರದ ಹೊರೆ ಅಭ್ಯರ್ಥಿಯ ಮೇಲೆ. ಮೊದಲನೆಯದು ಕಂಪನಿಯ ಕಣ್ಣಿಗೆ ಬೀಳುತ್ತದೆ, ಎರಡನೆಯದು ಬೀಳುವುದಿಲ್ಲ. ಹೊರಗೆ ಕಳುಹಿಸಿದವರು ಮುಂದೆ ಹೇಗೆ ಕೆಲಸ ಮಾಡಿದರು ಎಂಬ ಮಾಹಿತಿ ಕಂಪನಿಯ ಬಳಿ ಇರುವುದೇ ಇಲ್ಲ. ಅಭ್ಯರ್ಥಿಯೊಬ್ಬ ಇಂಥ ಅರೆಬರೆ ಮಾಹಿತಿಯಿಂದ ತೀರ್ಮಾನಕ್ಕೆ ಬಂದರೆ ಸಂದರ್ಶಕರು ಒಪ್ಪುವುದಿಲ್ಲ ಎಂಬುದು ಗಮನಾರ್ಹ.

ಕಂಪನಿಗಳು ಕಲಿತ ಪಾಠ

ಕೆಲವು ಕಂಪನಿಗಳು ತಮ್ಮನ್ನು ತಾವೇ ಪರೀಕ್ಷಿಸಿಕೊಂಡಿದ್ದೂ ಇದೆ. ಗೂಗಲ್‌ನ ಮಾನವ ಸಂಪನ್ಮೂಲ ಮುಖ್ಯಸ್ಥರಾಗಿದ್ದ ಲಾಸ್ಲೊ ಬಾಕ್, ಒಗಟಿನಂಥ ಪ್ರಶ್ನೆಗಳಿಂದ ಸಮಯ ವ್ಯರ್ಥವೇ ಹೊರತು ಬೇರೆ ಪ್ರಯೋಜನವಿಲ್ಲ ಎಂದು 2013ರಲ್ಲಿ ಒಪ್ಪಿಕೊಂಡರು. ನಾಲ್ಕು ಸಂದರ್ಶನಗಳಿಂದಲೇ ಶೇ 86ರಷ್ಟು ವಿಶ್ವಾಸದೊಂದಿಗೆ ನಿರ್ಧರಿಸಬಹುದು, ಆನಂತರದ ಪ್ರತಿ ಸುತ್ತಿನ ಲಾಭ ಅತ್ಯಲ್ಪ ಎಂಬುದೂ ಅಲ್ಲಿನ ವಿಶ್ಲೇಷಣೆಯಲ್ಲಿ ಕಂಡುಬಂತು. ಮನಶ್ಶಾಸ್ತ್ರಜ್ಞ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆಗೋಲು ಇರುವ ಸಂದರ್ಶನಕ್ಕೂ ಮುಂದಿನ ಕಾರ್ಯಕ್ಷಮತೆಗೂ ಇರುವ ಸಹಸಂಬಂಧ 0.42, ಮನಬಂದಂತೆ ನಡೆಸುವ ಸಂದರ್ಶನದಲ್ಲಿ ಅದು 0.19. ಅತ್ಯುತ್ತಮ ವಿಧಾನದಲ್ಲೂ ಅದೃಷ್ಟದ ಪಾಲು ಸಣ್ಣದಲ್ಲ ಎಂದೇ ಇದರ ಅರ್ಥ.

ಮನುಷ್ಯರ ಬದಲು ಯಂತ್ರವನ್ನು ಕೂರಿಸಿದರೂ ಸಮಸ್ಯೆ ಬಗೆಹರಿಯಲಿಲ್ಲ. ಹತ್ತು ವರ್ಷಗಳ ಅರ್ಜಿಗಳಿಂದ ಕಲಿತ ಅಮೆಜಾನ್‌ನ ಪ್ರಾಯೋಗಿಕ ವ್ಯವಸ್ಥೆ ಮಹಿಳೆಯರ ಅರ್ಜಿಗಳನ್ನು ಕೆಳಗಿಳಿಸುತ್ತಿತ್ತು, ಕಂಪನಿ ಆ ಯೋಜನೆಯನ್ನು ಕೈಬಿಟ್ಟಿತು ಎಂದು 2018ರಲ್ಲಿ ರಾಯಿಟರ್ಸ್ ವರದಿ ಮಾಡಿತ್ತು. ಹಳೆಯ ನೇಮಕಗಳಲ್ಲಿದ್ದ ತಾರತಮ್ಯವನ್ನೇ ಯಂತ್ರ ಅರ್ಹತೆಯೆಂದು ತಿಳಿದುಕೊಂಡಿತ್ತು.

ಈಗ ಇನ್ನೊಂದು ತಿರುವು. ಚಾಟ್‌ಜಿಪಿಟಿ ಬಂದ 2022ರ ನಂತರ, ಆನ್‌ಲೈನ್ ಸಂದರ್ಶನದಲ್ಲಿ ಉತ್ತರ ಯಾರದ್ದು ಎಂಬ ಅನುಮಾನ ಬಲವಾಗಿದೆ. ಕನಿಷ್ಠ ಒಂದು ಸುತ್ತನ್ನಾದರೂ ಮುಖಾಮುಖಿ ನಡೆಸುವುದಾಗಿ ಗೂಗಲ್‌ನ ಮುಖ್ಯಸ್ಥ ಸುಂದರ್ ಪಿಚೈ 2025ರಲ್ಲಿ ಹೇಳಿದರು. ಅತ್ತ 2023ರ ಜನವರಿಯಲ್ಲಿ ಗೂಗಲ್ ಒಂದೇ 12,000 ಹುದ್ದೆಗಳ ಕಡಿತ ಘೋಷಿಸಿತ್ತು. ಇಂಥ ಕಡಿತಗಳಿಂದಾಗಿ, ಅನುಭವಿಗಳೂ ಹೊಸಬರ ಸಾಲಿನಲ್ಲೇ ನಿಲ್ಲುವಂತಾಯಿತು.

ಬೆಂಗಳೂರಿನ ಪಾಲು

ಈ ಕಂಪನಿಗಳ ದೊಡ್ಡ ಕಚೇರಿಗಳು ಬೆಂಗಳೂರಿನಲ್ಲಿರುವುದರಿಂದ ಇದು ರಾಜ್ಯದ ಯುವಜನರ ಮನೆಬಾಗಿಲಿನ ಪ್ರಶ್ನೆ. ಕೆಲಸದಲ್ಲಿ ಇದ್ದುಕೊಂಡೇ ತಿಂಗಳುಗಟ್ಟಲೆ ಅಭ್ಯಾಸ ಮಾಡಬಲ್ಲವರು, ಶುಲ್ಕ ತೆತ್ತು ಅಣಕು ಸಂದರ್ಶನ ಎದುರಿಸಬಲ್ಲವರು, ಇಂಗ್ಲಿಷಿನಲ್ಲಿ ಯೋಚಿಸುತ್ತಲೇ ಮಾತನಾಡಬಲ್ಲವರು ಒಂದು ಹೆಜ್ಜೆ ಮುಂದಿರುತ್ತಾರೆ. ತಾಲ್ಲೂಕು ಕೇಂದ್ರದಿಂದ ಬಂದ, ಲೆಕ್ಕ ಚೆನ್ನಾಗಿ ಬಲ್ಲ ಅಭ್ಯರ್ಥಿ ಮಾತಿನ ಸುತ್ತಿನಲ್ಲಿ ಎಡವಿದರೆ, ಜರಡಿ ಅಳೆದದ್ದು ಅವರ ವಿದ್ಯೆಯನ್ನೋ ತರಬೇತಿಯನ್ನೋ ಎಂದು ಹೇಳುವುದು ಕಷ್ಟ.

ಅಂದಾಜಿನ ನಿಖರತೆಗೆ ಮಿತಿಯುಂಟು ಎಂದು 1945ರಲ್ಲಿ ಗಣಿತದ ಮೂಲಕ ತೋರಿಸಿದ ಸಿ.ಆರ್. ರಾವ್ ಹುಟ್ಟಿದ್ದು ಇದೇ ರಾಜ್ಯದ ಹೂವಿನಹಡಗಲಿಯಲ್ಲಿ. ಕ್ರೇಮರ್-ರಾವ್ ಪರಿಮಿತಿ ಎಂದು ಕರೆಯಲಾಗುವ ಆ ಸೂತ್ರ ದತ್ತಾಂಶ ವಿಜ್ಞಾನದ ವಿದ್ಯಾರ್ಥಿಗಳಿಗೆ ಪಾಠವಾಗಿದೆ. ತಮ್ಮ ಅಂದಾಜಿಗೂ ಮಿತಿಯಿದೆ ಎಂದು ಒಪ್ಪಿ, ತಿರಸ್ಕೃತರಿಗೆ ಕಾರಣ ತಿಳಿಸುವ, ಮತ್ತೊಂದು ಅವಕಾಶ ಕೊಡುವ ಕ್ರಮವನ್ನು ಕಂಪನಿಗಳು ರೂಢಿಸಿಕೊಂಡರೆ, ಅವು ಅಭ್ಯರ್ಥಿಗಳಿಂದ ನಿರೀಕ್ಷಿಸುವ ಪ್ರಾಮಾಣಿಕತೆಯನ್ನು ತಾವೂ ಪಾಲಿಸಿದಂತಾಗುತ್ತದೆ.