ಟೂರ್ ಬಸ್ ಬರುತ್ತೆ, ಊಟಕ್ಕೆ ನಿಲ್ಲಲ್ಲ: ಪಟ್ಟಣದ ವ್ಯಾಪಾರ ಕೈತಪ್ಪುತ್ತಿರೋದು ಎಲ್ಲಿ?

ಶ್ರೀರಂಗಪಟ್ಟಣ: ಯುಗಾದಿ ಮುಗಿದು ಶಾಲೆಗೆ ರಜೆ ಬಿಟ್ಟರೆ ಸಾಕು, ಕೋಟೆ ಬಾಗಿಲಲ್ಲಿ ಟೂರಿಸ್ಟ್ ಬಸ್‌ಗಳ ಹಾರ್ನ್ ಶುರು. ಮಹಿಳಾ ಸಂಘದವರು, ನಿವೃತ್ತ ನೌಕರರು, ಬಂಧುಬಳಗ ಸೇರಿ ಬಸ್ ಮಾಡ್ಕೊಂಡು ಬರೋರು ಹೆಚ್ಚು. ರಂಗನಾಥಸ್ವಾಮಿ ದರ್ಶನ, ಕೋಟೆ, ದರಿಯಾ ದೌಲತ್ ತೋಟ, ಸಂಜೆಗೆ ಕೆಆರ್‌ಎಸ್ ಬೃಂದಾವನ. ಬಸ್ ಬರ್ತಿಲ್ಲ ಅನ್ನೋ ಹಾಗಿಲ್ಲ. ಬಂದ ಬಸ್ ಎಷ್ಟು ಹೊತ್ತು ನಿಲ್ಲುತ್ತೆ ಅನ್ನೋದೇ ಪ್ರಶ್ನೆ.

ಬೈಪಾಸ್ ಒಂದೇ ಕಾರಣವಲ್ಲ

2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಮದ್ದೂರು, ಮಂಡ್ಯದಂತೆ ಶ್ರೀರಂಗಪಟ್ಟಣಕ್ಕೂ ಬೈಪಾಸ್ ಬಂತು. ಮೈಸೂರಿಗೆ ಹೋಗುವ ದಾರಿಯಲ್ಲಿ ಕಾಫಿಗೆ ನಿಲ್ಲುತ್ತಿದ್ದ ಗಿರಾಕಿ ಹೋದ, ಅದು ನಿಜ. ಆದರೆ ಟೂರ್ ಬಸ್‌ನವರು ದಾರಿಹೋಕರಲ್ಲ. ಪಟ್ಟಣ ನೋಡಲೆಂದೇ ಬರುವವರು, ಬೈಪಾಸ್ ಬಿಟ್ಟು ಒಳಗೆ ಬಂದೇ ಬರ್ತಾರೆ. ಅವರ ದುಡ್ಡೂ ಇಲ್ಲಿ ಉಳಿಯುತ್ತಿಲ್ಲ ಅಂದ್ರೆ ಕಾರಣ ಬೇರೆ ಇದೆ.

ಅದು ಟೂರಿನ ಟೈಮ್ ಟೇಬಲ್. ಬೃಂದಾವನದ ದೀಪ, ಕಾರಂಜಿ ನೋಡಲು ಕತ್ತಲಾಗಬೇಕು. ಮೈಸೂರು ಅರಮನೆ ಒಳಗಿನ ವೀಕ್ಷಣೆ ಸಂಜೆ 5.30ಕ್ಕೆ ಮುಗಿಯುತ್ತೆ. ಹಾಗಾಗಿ ಬೆಂಗಳೂರಿಂದ ಹೊರಡುವ ಒಂದು ದಿನದ ಟೂರ್‌ನಲ್ಲಿ ಪಟ್ಟಣಕ್ಕೆ ಸಿಗೋದು ಬೆಳಗಿನ ಹೊತ್ತು. ತಿಂಡಿ ದಾರಿಯಲ್ಲೇ ಆಗಿರುತ್ತೆ, ಊಟ ಮೈಸೂರಿಗೆ. ನಡುವೆ ಓಡೋಡಿ ನೋಡಿ ಬಸ್ ಹತ್ತುವವರಿಂದ ಹೋಟೆಲ್‌ಗೂ ಲಾಭವಿಲ್ಲ, ಬೊಂಬೆ ಅಂಗಡಿಗೂ ಇಲ್ಲ.

ಸರದಿ ತಿರುಗಿಸಿದರೆ?

ಬೈಪಾಸ್‌ನಿಂದಲೇ ಇದಕ್ಕೊಂದು ದಾರಿ ಇದೆ. ಬೇಗ ಹೊರಟ ಬಸ್ ನೇರ ಮೈಸೂರಿಗೆ ಹೋಗಿ, ಅರಮನೆ ಬಾಗಿಲು ತೆಗೆಯುವ 10 ಗಂಟೆಗೇ ಒಳಹೊಕ್ಕರೆ, ಮಧ್ಯಾಹ್ನದ ಊಟಕ್ಕೆ ಪಟ್ಟಣಕ್ಕೆ ವಾಪಸ್ ಬರಬಹುದು. ಊಟದ ನಂತರ ದರಿಯಾ ದೌಲತ್. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಿಗೆ ಅರಮನೆಯ ಗೋಡೆ ತುಂಬಾ ಪೊಲ್ಲಿಲೂರು ಯುದ್ಧದಂಥ ಚಿತ್ರಗಳಿವೆ, ಹೊರಗೆ ಮರದ ನೆರಳಿದೆ. ಬಿಸಿಲು ತಗ್ಗಿದ ಮೇಲೆ ಕೋಟೆ, ದೇವಸ್ಥಾನ. ಅಲ್ಲಿಂದಲೇ ಕೆಆರ್‌ಎಸ್ ರಸ್ತೆ ಹಿಡಿದರೆ ದೀಪ ಹತ್ತುವ ಹೊತ್ತಿಗೆ ಬೃಂದಾವನ.

ಲೆಕ್ಕ ಸರಳ. 50 ಜನರ ಬಸ್ಸಲ್ಲಿ ತಲೆಗೆ 100 ರೂಪಾಯಿ ಊಟ ಅಂದ್ರೂ 5,000 ರೂಪಾಯಿ. ಅದರ ಮೇಲೆ ಎಳನೀರು, ಕಬ್ಬಿನ ಹಾಲು, ಆಟಿಕೆ ವ್ಯಾಪಾರ.

ಆದ್ರೆ ಬಸ್ ಸುಮ್ನೆ ನಿಲ್ಲಲ್ಲ

ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ ಇನ್ನೂ 200 ಮೀಟರ್‌ಗೆ ಅನುಮತಿ ಬೇಕು. ಸ್ಮಾರಕದ ಪಕ್ಕದಲ್ಲೇ ಕಟ್ಟೋದು ಕಷ್ಟ. ಬಸ್ ನಿಲ್ದಾಣ, ಶೌಚಾಲಯ, ಕುಡಿಯುವ ನೀರು ಮೂರನ್ನೂ ದೂರದಲ್ಲಿ ಒಂದೇ ಕಡೆ ಮಾಡಿ, ಅಲ್ಲಿಂದ ಆಟೋ, ಟಾಂಗಾದವರಿಗೆ ಬಾಡಿಗೆ ನಿಗದಿ ಮಾಡುವುದು ಪುರಸಭೆ ಮತ್ತು ಪ್ರವಾಸೋದ್ಯಮ ಇಲಾಖೆ ಕೂತು ಮಾತಾಡಬೇಕಾದ ಕೆಲಸ. ಟೂರ್‌ನಲ್ಲಿ ಹೆಂಗಸರು, ವಯಸ್ಸಾದವರೇ ಜಾಸ್ತಿ. ಶುಚಿಯಾದ ಶೌಚಾಲಯ ಇಲ್ಲದ ಕಡೆ ಬಸ್ ಹೆಚ್ಚು ಹೊತ್ತು ನಿಲ್ಲಲ್ಲ.

ವರ್ತಕರ ಪಾಲೂ ಇದೆ. 50 ಜನಕ್ಕೆ ಒಟ್ಟಿಗೆ ಊಟ ಬಡಿಸುವ ತಯಾರಿ ಬೇಕು, ಬೋರ್ಡ್ ಮೇಲೆ ಹಾಕಿದ್ದೇ ರೇಟ್ ಆಗಬೇಕು. ಬೆಂಗಳೂರಿನ ಟೂರ್ ಏಜೆಂಟರಿಗೆ ಒಬ್ಬೊಬ್ಬರೇ ಫೋನ್ ಮಾಡೋದಕ್ಕಿಂತ ನಾಲ್ಕು ಹೋಟೆಲ್‌ನವರು ಸೇರಿ ಮಾತಾಡಿದರೆ ತೂಕ ಹೆಚ್ಚು.

ಎಕ್ಸ್‌ಪ್ರೆಸ್‌ವೇ ಇನ್ನು ವಾಪಸ್ ಹೋಗಲ್ಲ. ಬಸ್ಸಿನ ಟೈಮ್ ಟೇಬಲ್ ಬದಲಾಯಿಸಬಹುದು. ದಸರಾ ಸೀಸನ್ ಬುಕಿಂಗ್ ಶುರುವಾಗುವ ಮೊದಲೇ ಆ ಮಾತು ಆಡಬೇಕು.