ಹೆಲಿಕಾಪ್ಟರ್ ಬಂದರೂ ತಲೆ ಎತ್ತದ ಮಗು

2023ರ ಫೆಬ್ರವರಿ 6. ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆ. ಪ್ರಧಾನಿಯ ಹೆಲಿಕಾಪ್ಟರ್ ಸದ್ದಿಗೆ ಸೇರಿದ್ದ ಜನವೆಲ್ಲ ಒಂದೇ ಸಲ ತಲೆ ಎತ್ತಿತು. ನನ್ನ ಪಕ್ಕದಲ್ಲಿದ್ದ ತಾಯಿಯ ಕಂಕುಳಲ್ಲಿನ ಒಂದೂವರೆ ವರ್ಷದ ಹುಡುಗ ಮಾತ್ರ ಅವರ ಸರ ಎಳೆಯುತ್ತ ಕೂತಿದ್ದ. ಕಂಡರೂ ನನಗದು ಸುದ್ದಿ ಅನ್ನಿಸಲಿಲ್ಲ.

ಈಚೆಗೆ ಆ ತಾಯಿ ಗುಬ್ಬಿಯಲ್ಲಿ ಸಿಕ್ಕರು. ‘ಮಾತು ತಡ ಅಂದ್ಕೊಂಡ್ವಿ ಸಾರ್, ಅವರ ತಾತನೂ ತಡವಾಗೇ ಮಾತಾಡಿದ್ದಂತೆ’ ಅಂದರು. ಮೂರು ತುಂಬಿದ ಮೇಲೆ ಪರೀಕ್ಷೆ ಮಾಡಿಸಿದ್ದಾರೆ. ಎರಡೂ ಕಿವಿ ಕೇಳುವುದಿಲ್ಲ. ಅಷ್ಟರಲ್ಲಿ ಯಾರೋ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಿದರೆ ಕಿವಿಯ ನರ ಮತ್ತೆ ಚಿಗುರುತ್ತದೆ ಅಂದರು. ತೆಂಗಿನ ತೋಟ ಅಡವಿಟ್ಟು ಕೊಡಿಸಿದರು. ಏನೂ ಚಿಗುರಲಿಲ್ಲ, ಒಂದು ವರ್ಷ ಹೋಯಿತು.

ಚಿಗುರುವ ಮಾತು ಪೂರಾ ಸುಳ್ಳಲ್ಲ, ಅದೇ ತೊಂದರೆ. ಒಳಗಿವಿಯಲ್ಲಿ ಶಬ್ದ ಹಿಡಿಯುವ ರೋಮಕೋಶಗಳು ಒಂದೊಂದು ಕಿವಿಗೆ ಸುಮಾರು 15 ಸಾವಿರ. ಕೋಳಿಗೆ ಅವು ಸತ್ತರೂ ಮತ್ತೆ ಹುಟ್ಟುತ್ತವೆ, ಇದು 1980ರ ದಶಕದ ಕೊನೆಯಲ್ಲೇ ಗೊತ್ತಾಯಿತು. ಮನುಷ್ಯರಿಗೆ ಹುಟ್ಟುವುದಿಲ್ಲ. ಹುಟ್ಟಿಸುವ ಯತ್ನ ಅಂದಿನಿಂದ ನಡೆದೇ ಇದೆ. ಅಮೆರಿಕದ ಫ್ರೀಕ್ವೆನ್ಸಿ ಥೆರಪ್ಯೂಟಿಕ್ಸ್ ಕಂಪನಿಯ ಎಫ್‌ಎಕ್ಸ್-322 ಎಂಬ ಮದ್ದಿನ ಮೇಲೆ ಬಹಳ ಭರವಸೆಯಿತ್ತು. ನಮ್ಮೂರಲ್ಲಿ ಕಾರ್ಖಾನೆ ಉದ್ಘಾಟನೆಯಾದ ತಿಂಗಳಲ್ಲೇ ಅದು ಸೋತಿತು. ಮದ್ದು ಪಡೆದವರಿಗೂ ಹುಸಿಮದ್ದು ಪಡೆದವರಿಗೂ ವ್ಯತ್ಯಾಸ ಕಾಣಲಿಲ್ಲ.

ಗೆದ್ದಿರುವುದು ಬೇರೆಯದು. ಶಾಂಘೈನ ವೈದ್ಯರು ಆರು ಮಕ್ಕಳ ಒಳಗಿವಿಗೆ ಒಟಿಒಎಫ್ ಎಂಬ ಜೀನ್ ಸೇರಿಸಿದರು, ಐವರಿಗೆ ಕಿವಿ ಕೇಳಿಸಿತು. 2024ರ ಜನವರಿಯಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಆದರೆ ಆ ಮಕ್ಕಳ ರೋಮಕೋಶಗಳು ಸತ್ತಿರಲಿಲ್ಲ, ನರಕ್ಕೆ ಸಂದೇಶ ದಾಟಿಸುವ ಒಂದು ಪ್ರೋಟೀನ್ ಇರಲಿಲ್ಲ, ಅಷ್ಟೇ. ಹುಟ್ಟುಕಿವುಡಿನಲ್ಲಿ ಅಂಥವರು ಕೆಲವೇ ಮಂದಿ. ಇದಕ್ಕೂ ಸ್ಟೆಮ್ ಸೆಲ್‌ಗೂ ಸಂಬಂಧವಿಲ್ಲ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಕೆಲವು ರಕ್ತದ ಕಾಯಿಲೆಗಳನ್ನು ಬಿಟ್ಟರೆ ಸ್ಟೆಮ್ ಸೆಲ್ ಅನ್ನು ಚಿಕಿತ್ಸೆಯೆಂದು ಮಾರುವಂತಿಲ್ಲ. ಪ್ರಯೋಗವಾದರೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ.

ಇದರಲ್ಲಿ ನಮ್ಮ ಪಾಲೂ ಇದೆ. ‘ಕಿವುಡುತನಕ್ಕೆ ವಿದಾಯ’ ಅಂತ ನಾನೇ ಒಂದು ಸುದ್ದಿ ಮಾಡಿ ಕಳಿಸಿದ್ದೆ. ಪ್ರಯೋಗ ನಡೆದದ್ದು ಇಲಿಗಳ ಮೇಲೆ ಎಂಬುದು ಕೊನೆಯ ಪ್ಯಾರಾದಲ್ಲಿತ್ತು. ಪುಟದಲ್ಲಿ ಜಾಗ ಸಾಲದೆ ಅದು ಹೋಯಿತು. ಮೊದಲ ಸಾಲಿನಲ್ಲೇ ಬರೆದಿದ್ದರೆ ಹೋಗುತ್ತಿರಲಿಲ್ಲ.

ಇಲ್ಲಿ ಈಗ ಆಗಬಹುದಾದ್ದು ಬೇರೆ ಇದೆ. ಹುಟ್ಟಿದ ಮಗುವಿನ ಕಿವಿಗೆ ಸಣ್ಣ ತುದಿಯೊಂದನ್ನಿಟ್ಟು ಮಾಡುವ ಒಎಇ ಪರೀಕ್ಷೆಗೆ ಕೆಲವು ನಿಮಿಷ ಸಾಕು, ಮಗು ಮಲಗಿದ್ದರೂ ಆಗುತ್ತದೆ. ಅದರಲ್ಲಿ ತಪ್ಪಿಹೋಗುವ ನರದ ದೋಷಕ್ಕೆ ಬೆರಾ ಪರೀಕ್ಷೆ ಇದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೆ. ಸತ್ತ ರೋಮಕೋಶಗಳನ್ನು ಬಿಟ್ಟು ನೇರ ನರಕ್ಕೇ ಸಂಕೇತ ಕೊಡುವ ಕಾಕ್ಲಿಯರ್ ಇಂಪ್ಲಾಂಟ್ ಬಡ ಮಕ್ಕಳಿಗೆ ಸರ್ಕಾರಿ ಯೋಜನೆಯಲ್ಲಿ ಸಿಗುತ್ತದೆ. ಆದರೆ ಮಾತು ಕಲಿಯುವ ವಯಸ್ಸು ಮೀರಿದರೆ ಅದರಿಂದ ಸಿಗುವ ಫಲ ಕಡಿಮೆ. ಅದಕ್ಕೇ ಹುಟ್ಟುಕಿವುಡಿನ ಮಕ್ಕಳಿಗೆ ಕೇಂದ್ರದ ಎಡಿಪ್ ಯೋಜನೆ ಐದು ವರ್ಷದ ಮಿತಿ ಇಟ್ಟಿದೆ. ಚುಚ್ಚುಮದ್ದಿನ ಕಾರ್ಡ್ ನೋಡುವ ಆಶಾ ಕಾರ್ಯಕರ್ತೆಗೆ ‘ಕಿವಿ ತೋರಿಸಿದ್ರಾ?’ ಅಂತ ಕೇಳುವುದೂ ಕೆಲಸವಾಗಬೇಕು. ಹೆರಿಗೆ ಆಗುವ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಯಂತ್ರ ಕೆಲಸ ಮಾಡುತ್ತಿರಬೇಕು.

ಆ ಹುಡುಗನ ಇಂಪ್ಲಾಂಟ್ ಅರ್ಜಿ ಕೊನೆಗೂ ಹೋಗಿದೆ. ಅವನಿಗೆ ಐದು ತುಂಬಲು ನಾಲ್ಕು ತಿಂಗಳಿದೆ. ತಾಯಿ ವಾರಕ್ಕೊಮ್ಮೆ ನನಗೆ ಫೋನ್ ಮಾಡಿ ‘ಫೈಲ್ ಎಲ್ಲಿಗೆ ಬಂತು ಸಾರ್?’ ಅಂತ ಕೇಳುತ್ತಾರೆ.